ಹಿಂದೂಗಳಾಗಿ ಅಲಾಯಿ ಹಬ್ಬ ಯಾಕೆ ಮಾಡ್ತೀರಿ?

ನನ್ನ ಫೋನಿನಲ್ಲಿ ಅಲಾಯಿ ಹಬ್ಬದ, ಅಂದರೆ ಮೊಹರಂನ, ಒಂದು ಹಳೆಯ ಫೋಟೋ ಇದೆ. ಆರು ವರ್ಷದ ನಾನು. ಹಸಿರು ಅಂಗಿ, ಕೊರಳಲ್ಲಿ ಕೆಂಪು ಲಾಡಿ, ಹಣೆಯ ಮೇಲೆ ಊದಿ, ಹೆಗಲಿಗೊಂದು ಜೋಳಿಗೆ. ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದ ಮೇಲೆ ಇದನ್ನು ನೋಡಿದವರೆಲ್ಲ ಮೊದಲು ಕೇಳುವುದು, "ನೀವು ಮುಸ್ಲಿಮರಾ?" ಅಲ್ಲ ಅಂದರೆ ಎರಡನೇ ಪ್ರಶ್ನೆ, "ಮತ್ತೆ ಮೊಹರಂ ಯಾಕೆ ಮಾಡ್ತೀರಿ?" ಎರಡು ವರ್ಷದಿಂದ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಎಷ್ಟೋ ಸಲ ಸುಮ್ನೆ ನಕ್ಕು ಜಾಗ ಖಾಲಿ ಮಾಡಿದ್ದೇನೆ. ಈಗ ಕೂತು ಬರೆಯೋಣ ಅನ್ನಿಸಿತು.

ನಮ್ಮೂರು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿದೆ. ಪಕ್ಕದ ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಕೋಟೆ ತುಂಬಿ ಹೋಗುತ್ತದೆ. ನಮ್ಮೂರಿನದು ಅದರ ಮುಂದೆ ಚಿಕ್ಕದು. ಊರಲ್ಲಿ ಮುಸ್ಲಿಮರ ಮನೆ ಬೆರಳೆಣಿಕೆಯಷ್ಟು. ಹಬ್ಬ ಮಾತ್ರ ಊರಿಗೆಲ್ಲ. ನಮ್ಮದೇನೂ ವಿಶೇಷ ಅಲ್ಲ ಬಿಡಿ. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳೇ ಇಲ್ಲ, ಅಲ್ಲೂ ಮೊಹರಂ ನಡೆಯುತ್ತದೆ.

ಚಂದ್ರ ಕಂಡ ಮೇಲೆ ಮಸೂತಿ ಮುಂದಿನ ಕುಣಿಗೆ ಗುದ್ದಲಿ ಬೀಳುತ್ತದೆ. ಪೆಟ್ಟಿಗೆಯಲ್ಲಿದ್ದ ಅಲಾಯಿ ದೇವರುಗಳು ಹೊರಗೆ ಬರುತ್ತವೆ. ಉದ್ದ ಕೋಲಿನ ತುದಿಗೆ ಲೋಹದ ಹಸ್ತ, ಅಂದರೆ ಪಂಜ, ಅದಕ್ಕೆ ಬಣ್ಣಬಣ್ಣದ ಬಟ್ಟೆ, ಹೂವಿನ ದಂಡೆ. ಒಂದೊಂದಕ್ಕೂ ಹೆಸರಿದೆ: ಹಸನ್, ಹುಸೇನ್, ಮೌಲಾಲಿ, ಖಾಸಿಂ. ಒಂಬತ್ತನೇ ದಿನದ ರಾತ್ರಿ ಖತಲ್ ರಾತ್ರಿ. ಅವತ್ತು ಕುಣಿಯಲ್ಲಿ ಬೆಂಕಿ, ಸುತ್ತ ಹೆಜ್ಜೆ ಮೇಳ, ಬೆಳಗಿನ ತನಕ ರಿವಾಯತ್ ಪದ, ಅಂದರೆ ಮೊಹರಂ ಹಾಡು. ಹತ್ತನೇ ದಿನ ಹಳ್ಳಕ್ಕೆ ಹೋಗಿ ದಫನ್ ಮಾಡಿ ಬರುತ್ತಾರೆ. ಹೋಗುವಾಗ ಇದ್ದ ಗದ್ದಲ ಬರುವಾಗ ಇರುವುದಿಲ್ಲ.

ಆ ಪದಗಳೆಲ್ಲ ಕನ್ನಡದವು. ಶಿಶುನಾಳ ಶರೀಫರೂ ರಿವಾಯತ್ ಕಟ್ಟಿದವರೇ. ಕರ್ಬಲಾದ ಯುದ್ಧದಲ್ಲಿ ಹುಸೇನರಿಗೆ ನೀರು ಸಿಗಲಿಲ್ಲ, ಮಕ್ಕಳು ನೀರಡಿಸಿದರು ಅಂತ ಬಂದಾಗ ನಮ್ಮಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೇಸಿಗೆಯಲ್ಲಿ ಕೊಡ ಹಿಡಿದು ನಿಂತ ಊರಿನವರಿಗೆ ನೀರಿನ ಕಥೆ ಬಿಡಿಸಿ ಹೇಳಬೇಕಾ? ನಾನಂತೂ ಕರ್ಬಲಾ ಅಂದರೆ ಮಸ್ಕಿಯ ಆಚೆ ಎಲ್ಲೋ ಇರುವ ಊರು ಅಂದುಕೊಂಡಿದ್ದೆ. ಅದು ಇರಾಕಿನಲ್ಲಿದೆ, ಹುಸೇನರು ಮಡಿದ ಆ ಯುದ್ಧ ನಡೆದದ್ದು ಕ್ರಿ.ಶ. 680ರಲ್ಲಿ, ಅವರು ಮುಹಮ್ಮದ್ ಪ್ರವಾದಿಯವರ ಮೊಮ್ಮಗ ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ.

ಯಾಕೆ ಅನ್ನುವುದಕ್ಕೆ ಇತಿಹಾಸದ ಉತ್ತರ ಒಂದಿದೆ. ಕೃಷ್ಣೆ ತುಂಗಭದ್ರೆಯ ನಡುವಿನ ನಮ್ಮ ಸೀಮೆ ಬಹಳ ಕಾಲ ವಿಜಯಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಅವರಲ್ಲಿ ಹಲವರು ಶಿಯಾ ಪಂಥದವರು, ಹುಸೇನರ ಶೋಕವನ್ನು ದೊಡ್ಡದಾಗಿ ಆಚರಿಸುವ ಮುಸ್ಲಿಮರು. ಮುಂದೆ ನಿಜಾಮರ ಆಳ್ವಿಕೆ ಬಂತು, ಅದು 1948ರ ತನಕ ಇತ್ತು. ಅರಮನೆಯ ಆಚರಣೆ ಹಳ್ಳಿಗಳಿಗೆ ಇಳಿದು ಬಂದಿರಬೇಕು. ಇದನ್ನು ಹೇಳಿದರೆ ಕೇಳಿದವರು ತಲೆಯಾಡಿಸುತ್ತಾರೆ. ಆದರೆ ನಮ್ಮವ್ವನ ಮುಂದೆ ಆದಿಲ್‌ಶಾಹಿ ಅಂದರೆ ಅವಳು ನನ್ನ ಮುಖ ನೋಡುತ್ತಾಳೆ.

ಅವ್ವನ ಉತ್ತರ ಬೇರೆ. ನನಗೆ ಒಂದೂವರೆ ವರ್ಷ ಇದ್ದಾಗ ಜ್ವರ ಇಳಿಯಲೇ ಇಲ್ಲವಂತೆ. ದವಾಖಾನೆಗೂ ತೋರಿಸಿದರು. ಜೊತೆಗೆ ಅವ್ವ ಹುಸೇನಪ್ಪನಿಗೆ ಬೇಡಿಕೊಂಡಳು: ಕೂಸು ಉಳಿದರೆ ಐದು ವರ್ಷ ಫಕೀರ ಮಾಡಿಸುತ್ತೇನೆ ಅಂತ. ನಾನು ಉಳಿದೆ. ಹಾಗಾಗಿ ಆ ಲಾಡಿ, ಆ ಜೋಳಿಗೆ. ಐದು ಮನೆ ಬೇಡಿ ತಂದ ಹಿಟ್ಟನ್ನು ನಮ್ಮ ಹಿಟ್ಟಿಗೆ ಸೇರಿಸಿ ಅಡುಗೆ ಮಾಡುತ್ತಿದ್ದಳು. ಮಾತ್ರೆ ಬರೆದ ಡಾಕ್ಟರ ಹೆಸರು ಅವಳಿಗೆ ಈಗ ನೆನಪಿಲ್ಲ, ಅದಕ್ಕೆ ನನಗೆ ಸ್ವಲ್ಪ ಬೇಜಾರಿದೆ.

ಇನ್ನೊಂದು ಉತ್ತರ ನಾನೇ ಕಂಡುಕೊಂಡದ್ದು. ಹಬ್ಬದಲ್ಲಿ ಮನೆಮನೆಗೂ ಒಂದು ಪಾಳಿ ಇದೆ. ಕುಣಿಗೆ ಕಟ್ಟಿಗೆ ನಮ್ಮ ಮನೆಯದು. ಕೋಲು ಸವೆದರೆ ಬಡಿಗೇರರು ನೋಡಿಕೊಳ್ಳಬೇಕು. ಎಣ್ಣೆ ಒಬ್ಬರದು, ಹೂವು ಇನ್ನೊಬ್ಬರದು. ನಮ್ಮಪ್ಪ ಮತ್ತು ಮಸೂತಿ ನೋಡಿಕೊಳ್ಳುವ ಮುಜಾವರ ಮನೆಯ ಕಾಕಾ ಹೊಲದ ಬದುವಿನ ಜಗಳದಲ್ಲಿ ಒಂದು ವರ್ಷ ಮಾತು ಬಿಟ್ಟಿದ್ದರು. ಆದರೂ ಅಪ್ಪ ಬಂಡಿ ತುಂಬ ಕಟ್ಟಿಗೆ ತಂದು ಮಸೂತಿ ಮುಂದೆ ಒಗೆದ. ಕಾಕಾ ಎಣಿಸದೇ ಇಳಿಸಿಕೊಂಡ. ಇಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ಪ್ರತಿ ವರ್ಷ ಪೇಪರಿನಲ್ಲಿ 'ಭಾವೈಕ್ಯದ ಮೊಹರಂ' ಅಂತ ಬರುತ್ತದಲ್ವಾ, ಆ ಪದವನ್ನು ನಮ್ಮೂರಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಪಾಳಿ ಅನ್ನುತ್ತಾರೆ. ಪಾಳಿ ತಪ್ಪಿಸಬಾರದು ಅನ್ನುತ್ತಾರೆ.

ಹಾಗಂತ ಊರನ್ನು ಹೊಗಳುತ್ತಾ ಕೂರುವುದಿಲ್ಲ. ಹಲಗೆ ಬಾರಿಸುವವರಿಗೂ ಪಾಳಿ ಇದೆ. ಅವರಿಲ್ಲದೆ ಒಂದು ಹೆಜ್ಜೆಯೂ ಬೀಳುವುದಿಲ್ಲ. ಆದರೆ ಅವರು ಮಸೂತಿಯ ಕಟ್ಟೆ ಹತ್ತಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿಲ್ಲ. ನೋಡಿಲ್ಲ ಅನ್ನುವುದೇ ಊರು ಬಿಟ್ಟು ಬರುವ ತನಕ ನನ್ನ ತಲೆಗೆ ಬಂದಿರಲಿಲ್ಲ. ಬೇರೆ ಧರ್ಮದ ದೇವರನ್ನು ಹೆಗಲ ಮೇಲೆ ಹೊತ್ತ ಊರಿಗೆ ಇದೊಂದು ಕಾಣುವುದಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ನನಗೊಂದು ಜಂಬ ಇತ್ತು. ಮುಸ್ಲಿಮರ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಅಂತ. ಅದನ್ನು ಇಳಿಸಿದವಳು ನನ್ನ ರೂಮ್‌ಮೇಟ್.

ಅವಳು ಮಂಗಳೂರಿನ ಕಡೆಯವಳು, ಬ್ಯಾರಿ ಮುಸ್ಲಿಂ. 2024ರ ಮೊಹರಂ ಜುಲೈ 17, ಬುಧವಾರ ಬಿತ್ತು. ಒಂದೇ ದಿನ ರಜೆ, ಮರುದಿನ ಟೆಸ್ಟ್, ಊರಿಗೆ ಹೋಗಲು ಆಗಲಿಲ್ಲ. ಅವ್ವ ಮಂಗಳವಾರ ಚೊಂಗೆ ಮಾಡಿ, ಮಸೂತಿಯಲ್ಲಿ ಓದಿಸಿ, ಬೆಂಗಳೂರಿಗೆ ಬರುವ ಊರವರ ಕೈಲಿ ಡಬ್ಬಿ ಕೊಟ್ಟು ಕಳಿಸಿದಳು. ಚೊಂಗೆ ಅಂದರೆ ಗೋಧಿ ಹಿಟ್ಟಿನ ಸಿಹಿ ರೊಟ್ಟಿ, ಮೇಲೆ ಬೆಲ್ಲ, ಪುಟಾಣಿ ಪುಡಿ. ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ. ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ಡಬ್ಬಿ ತಂದು, ಮೊದಲ ಚೊಂಗೆ ಅವಳ ಮುಂದೆ ಹಿಡಿದೆ. ನಿಮ್ಮ ಹಬ್ಬ ಅಲ್ವಾ, ತಗೋ ಅಂದೆ.

"ನನಗೆ ಇವತ್ತು ಉಪವಾಸ ಮಾರಾಯ್ತಿ" ಅಂದಳು.

ಮೊಹರಂ ಹತ್ತಕ್ಕೆ ಉಪವಾಸವಾ? ನಮ್ಮೂರಲ್ಲಿ ಅವತ್ತು ಮನೆಮನೆಯಲ್ಲಿ ಊಟದ ಗದ್ದಲ. ಅವಳು ಹೇಳಿದಳು: ಒಂಬತ್ತು, ಹತ್ತು ಎರಡೂ ದಿನ ಹಿಡಿಯುತ್ತಾರೆ. ಮೂಸಾ ಪ್ರವಾದಿ ಮತ್ತು ಅವರ ಜನ ಈಜಿಪ್ಟಿನ ರಾಜ ಫರೋವನಿಂದ ಪಾರಾದ ದಿನ ಅದು, ಅದಕ್ಕೇ ಮುಹಮ್ಮದ್ ಪ್ರವಾದಿಯವರು ಉಪವಾಸ ಹಿಡಿದರು. ಐದು ವರ್ಷ ಫಕೀರಳಾದ ನಾನು ಈ ಕಥೆ ಕೇಳಿಯೇ ಇರಲಿಲ್ಲ. ಶಿಯಾಗಳಿಗೆ ಅದೇ ದಿನ ಶೋಕದ್ದು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಪ್ಪು ಬಟ್ಟೆ ತೊಟ್ಟು ಎದೆ ಬಡಿದುಕೊಂಡು ಅಳುತ್ತಾರೆ. ನಮ್ಮೂರಲ್ಲಿ ಹುಲಿ ವೇಷ ಕುಣಿಯುತ್ತದೆ.

ಸರಿ, ಸಂಜೆ ಉಪವಾಸ ಬಿಡುವಾಗ ತಿನ್ನು ಅಂದೆ. ಆಗ ಅವಳು ಕೇಳಿದಳು, "ಅದೆಂತ, ಓದಿಸಿದ್ದು ಅಂದ್ಯಲ್ಲ?" ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಜದ ಎದುರು ಇಟ್ಟದ್ದಾದ್ರೆ ನಾನು ತಿನ್ನುವ ಹಾಗಿಲ್ಲ. ಬೇಜಾರು ಮಾಡ್ಬೇಡ" ಅಂದಳು.

ನನಗೆ ಬೇಜಾರೇ ಆಯಿತು. ಬೇಜಾರಲ್ಲ, ಸಿಟ್ಟು. ಓದಿದ ಮುಜಾವರ ತಾತ ನಿಮ್ಮವರೇ, ಓದಿದ್ದು ಕುರಾನಿನ ಫಾತಿಹಾನೇ, ನಾವು ನಿಮ್ಮ ದೇವರನ್ನು ಹೊತ್ತು ಮೆರೆಸಿದರೆ ನೀನು ನಮ್ಮ ಒಂದು ರೊಟ್ಟಿ ತಿನ್ನಲ್ವಾ ಅಂತ ಏನೇನೋ ಅಂದೆ. ಅವಳು ವಾದ ಮಾಡಲಿಲ್ಲ. "ನಮ್ಮಲ್ಲಿ ದೇವರಿಗೆ ಮೂರ್ತಿ, ಹಸ್ತ ಎಂತದೂ ಇಲ್ಲ" ಅಂದು ಪುಸ್ತಕ ತೆಗೆದಳು.

ರಾತ್ರಿ ಅವ್ವನಿಗೆ ಫೋನ್ ಮಾಡಿ ದೂರು ಹೇಳಿದೆ. ಅವ್ವ ನಕ್ಕಳು.

"ತಿನ್ನಾಕ ಬರಂಗಿಲ್ಲ ಅಂದ್ರ ಬಿಡು. ಅದಕ್ಯಾಕ ಸಿಟ್ಟು? ನಿಮ್ಮಜ್ಜಿನೂ ಇವತ್ತ ಮುಟ್ಟಿಲ್ಲ."

ಅವತ್ತು ಆಷಾಢ ಏಕಾದಶಿ! ಅಜ್ಜಿ ವರ್ಷಕ್ಕೆ ಹಿಡಿಯುವುದು ಅದೊಂದೇ ಏಕಾದಶಿ. ವಯಸ್ಸಿದ್ದಾಗ ಒಮ್ಮೆ ಪಂಢರಪುರಕ್ಕೆ ನಡೆದು ಹೋಗಿ ಬಂದವಳು, ಏಕಾದಶಿ ದಿನ ಗೋಧಿಯದು ಏನೂ ಮುಟ್ಟುವುದಿಲ್ಲ. ಅವಳ ಪಾಲಿನ ಚೊಂಗೆಯನ್ನು ಅವ್ವ ದ್ವಾದಶಿಗೆ ಅಂತ ಮಾಡಿನಲ್ಲಿ ಎತ್ತಿಟ್ಟಿದ್ದಳು. ಹುಸೇನಪ್ಪನ ಪ್ರಸಾದ ಬೇಡ ಅಂದಳಾ ಅಂತ ಮುಜಾವರ ತಾತ ಮುನಿಸಿಕೊಂಡಿರಲಿಲ್ಲ. ಒಂದೇ ದಿನ, ಒಂದೇ ಹಿಟ್ಟಿನ ಚೊಂಗೆ, ಬೇಡ ಅಂದವರು ಇಬ್ಬರು. ಅಜ್ಜಿಯದು ನನಗೆ ವ್ರತ ಅನ್ನಿಸಿತು, ಇವಳದು ಸೊಕ್ಕು ಅನ್ನಿಸಿತು.

ಮರುದಿನ ಟೆಸ್ಟ್ ಮುಗಿಸಿ ಬಂದು ಅವಳ ಹತ್ತಿರ ಕೂತೆ. ತಪ್ಪಾಯ್ತು ಅನ್ನಲಿಲ್ಲ, ನನಗೆ ಅದು ಬರುವುದಿಲ್ಲ. ಮೂಸಾನ ಕಥೆ ಇನ್ನೊಂದು ಸಲ ಹೇಳು ಅಂದೆ. ಅವಳು ಹೇಳಿದಳು, ಸಮುದ್ರ ಸೀಳಿದ ತನಕ. ಆಮೇಲೆ ಅವಳು ಫೋನಿನಲ್ಲಿದ್ದ ನನ್ನ ಆ ಹಳೆಯ ಫೋಟೋ ತೆಗೆಸಿ ನೋಡಿ ಲಾಡಿ ಯಾಕೆ, ಜೋಳಿಗೆ ಯಾಕೆ ಅಂತ ಒಂದೊಂದೇ ಕೇಳಿದಳು. "ನಮ್ಮವರು ನೋಡಿದ್ರೆ ಬೈತಾರೆ" ಅಂದಳು. "ಆದ್ರೆ ನೀನು ಚಂದ ಉಂಟು ಇದ್ರಲ್ಲಿ."

2025ರ ಮೊಹರಂ ಜುಲೈ 6, ಭಾನುವಾರ. ಊರಿಗೆ ಹೋಗಿದ್ದೆ. ಆ ವರ್ಷವೂ ಅದೇ ದಿನ ಆಷಾಢ ಏಕಾದಶಿ, ಅಜ್ಜಿ ಮತ್ತೆ ಬಾಯಿ ಕಟ್ಟಿದ್ದಳು. ಹೊರಡುವಾಗ ಅವ್ವ ಎರಡು ಡಬ್ಬಿ ಕಟ್ಟಿದಳು. ಒಂದು ಓದಿಸಿದ್ದು, ನನಗೆ. ಇನ್ನೊಂದು ಓದಿಸುವ ಮೊದಲೇ ಬೇರೆ ತೆಗೆದಿಟ್ಟದ್ದು. ಕಲಸಿಹೋಗಬಾರದು ಅಂತ ಅದಕ್ಕೆ ಬಿಳಿ ಬಟ್ಟೆ ಸುತ್ತಿ ಗಂಟು ಹಾಕಿದ್ದಳು. ನನ್ನ ರೂಮ್‌ಮೇಟ್ ಗಂಟು ಬಿಚ್ಚಿ, ಒಂದು ತಿಂದು, "ಬೆಲ್ಲ ಸ್ವಲ್ಪ ಜಾಸ್ತಿ ಆಯ್ತು" ಅಂದು ಇನ್ನೆರಡು ತಿಂದಳು.

ಅದನ್ನು ಫೋನಿನಲ್ಲಿ ಹೇಳುತ್ತಿದ್ದಾಗ ಅಜ್ಜಿ ಅವ್ವನ ಕೈಯಿಂದ ಫೋನ್ ಕಸಿದುಕೊಂಡಳು. ಅವಳಿಗೆ ಹೇಳಲು ಬೇರೆಯೇ ವಿಷಯವಿತ್ತು. 2026ರಲ್ಲಿ ನಮಗೆ ಅಧಿಕ ಮಾಸ ಬರುತ್ತದೆ, ಮುಸ್ಲಿಮರ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ಅಲಾಯಿ ಜೂನಿನಲ್ಲೇ ಮುಗಿದು ಆಷಾಢ ಏಕಾದಶಿ ಜುಲೈಗೆ ಉಳಿಯುತ್ತದೆ. ಯಾರೋ ಪಂಚಾಂಗ ನೋಡಿ ಹೇಳಿದ್ದರಂತೆ.

"ಮುಂದಿನ ವರ್ಷ ನಾನೂ ಬಿಸೀದು ತಿಂತೀನಿ ನೋಡವ್ವಾ" ಅಂದಳು.