ಗಂಗರ ಅಡುಗೆಮನೆಯಲ್ಲಿ ಟೊಮೇಟೊ

ಸಾವಿರ ವರ್ಷಕ್ಕೂ ಹಿಂದೆ ನಮ್ಮ ಕಡೆ ಆಳಿದ ಗಂಗರ ಕಾಲದ ಧಾರಾವಾಹಿಯೊಂದನ್ನು ರಾತ್ರಿ ತಪ್ಪದೆ ನೋಡ್ತಿದ್ದೀನಿ. ಅರಮನೆಯ ಅಡುಗೆಮನೆಯಲ್ಲಿ ಬುಟ್ಟಿ ತುಂಬ ಟೊಮೇಟೊ, ಪಕ್ಕದಲ್ಲಿ ಕೆಂಪು ಮೆಣಸಿನಕಾಯಿ! ಎರಡೂ ಅಮೆರಿಕ ಖಂಡದ ಬೆಳೆ. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದು ಇಳಿದ ಮೇಲಷ್ಟೇ ನಮ್ಮ ಕಡೆ ಬಂದವು. ಗಂಗರ ಕಾಲಕ್ಕೆ ಖಾರಕ್ಕೆ ಕರಿಮೆಣಸು, ಹುಳಿಗೆ ಹುಣಸೆ. ಮದುವೆ ಮಂಟಪಕ್ಕೆ ಕಟ್ಟಿದ್ದ ಚೆಂಡು ಹೂವೂ ಮೆಕ್ಸಿಕೊ ಕಡೆಯದೇ. ಟೊಮೇಟೊ ಮಂಡಿಯ ಊರು ಕೋಲಾರದಲ್ಲಿ ಕೂತು ನೋಡೋರಿಗೆ ಇದು ಕಣ್ಣಿಗೆ ಬೀಳದೆ ಇರುತ್ತಾ?

ಆದರೂ ಬಿಡೋಕಾಗ್ತಿಲ್ಲ. ಗಂಗರ ಮೊದಲ ರಾಜಧಾನಿ ನಮ್ಮ ಕೋಲಾರವೇ, ಆಗಿನ ಕುವಲಾಲ. ತಲಕಾಡಿಗೆ ಹೋಗಿದ್ದು ಆಮೇಲೆ. ಕುವಲಾಲ ಅನ್ನೋ ಹೆಸರು ಟಿವಿಯಲ್ಲಿ ಕೇಳಿದರೆ ಮನೆಯವರೆಲ್ಲ ಮಾತು ನಿಲ್ಲಿಸ್ತೀವಿ.

ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ಒಬ್ಬನೇ ಅಡ್ಡ ನಿಂತು ಸಾಯುವ ಹುಡುಗನ ಸಂಚಿಕೆ ಬಂತಲ್ಲ, ಅವತ್ತು ಅಮ್ಮ ಊಟದ ತಟ್ಟೆ ಹಿಡಿದುಕೊಂಡೇ ಅತ್ತುಬಿಟ್ಟಳು. ನಮ್ಮ ಜಿಲ್ಲೆಯಲ್ಲಿ ಹೊಲದ ಬದು, ಕೆರೆ ಏರಿ ಅಂತ ಎಲ್ಲೆಲ್ಲೋ, ಹೀಗೆ ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ನಿಂತಿವೆ. ಮೂರು ಹಂತದ ಕಲ್ಲಾದರೆ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಅಕ್ಷರ ಇದ್ದರೆ ಕೆಲವೇ ಸಾಲು. ಅವನ ತಾಯಿ ಸಂಜೆ ಬಾಗಿಲಲ್ಲಿ ಕಾಯ್ತಾ ನಿಂತಿದ್ದಳು ಅನ್ನೋದಕ್ಕೆ ಆ ಕಲ್ಲಲ್ಲಿ ಜಾಗವಿಲ್ಲ. ಧಾರಾವಾಹಿಯವರು ಅದನ್ನು ಊಹಿಸಿದರು, ಚೆನ್ನಾಗಿ ಊಹಿಸಿದರು. ಇದಕ್ಕಾಗಿ ಉಳಿದ ತಪ್ಪುಗಳನ್ನೆಲ್ಲ ಸಹಿಸಿಕೊಳ್ತೀನಿ.

ಭಾನುವಾರ ಅಮ್ಮನನ್ನು ಒಂದು ವೀರಗಲ್ಲು ನೋಡೋಕೆ ಕರೆದುಕೊಂಡು ಹೋಗ್ತಿದ್ದೀನಿ. ಅವಳೇ ಕೇಳಿದ್ದು.