ಬಳೆ ಗೀರಿದ ಜಾಗ

2024 ಡಿಸೆಂಬರ್ 8, ಭಾನುವಾರ
ದಾವಣಗೆರೆ

ಸ್ನಾನ ಮುಗಿಸಿ ವ್ಯಾಸಲೀನ್ ಹಚ್ಚಿಕೊಳ್ಳುವಾಗ ಕಣ್ಣಿಗೆ ಬಿತ್ತು. ಎಡಗೈ ಮಣಿಕಟ್ಟಿನ ಮೇಲೆ ಗೆರೆ ಎಳೆದ ಹಾಗೆ ಕೆಂಪು, ಅದರ ಮೇಲೆ ತೆಳ್ಳಗೆ ಬಿಳಿ ಹೊಟ್ಟು. ಅಕ್ಕನ ಮಗಳ ಮದುವೆಯಲ್ಲಿ ಬಳೆ ಒಡೆದು ಗೀರಿತ್ತಲ್ಲ, ಸರಿಯಾಗಿ ಅದೇ ಜಾಗ. ಬೆರಳು ಮಡಚಿ ಎಣಿಸಿದೆ. ಇವತ್ತಿಗೆ 14 ದಿನ.

ನನಗಿರುವ ಚರ್ಮರೋಗ ಸೋರಿಯಾಸಿಸ್. ಅದಕ್ಕೆ ಇದೊಂದು ಚಾಳಿ. ಗೀರಿದರೆ, ಉಜ್ಜಿದರೆ, ಸುಟ್ಟುಕೊಂಡರೆ, ಒಂದೆರಡು ವಾರ ಬಿಟ್ಟು ಅಲ್ಲೇ ಹೊಸ ಪಟ್ಟೆ ಏಳುತ್ತದೆ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ಕೋಬ್ನರ್ ಅನ್ನೋ ಜರ್ಮನ್ ಡಾಕ್ಟರ್ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಬಳೆ ಯಾಕೆ ಒಡೆಯಿತು ಅನ್ನೋದೇ ಒಂದು ಕಥೆ. ಬಳೆ ತೊಡಿಸುವಾಕೆ ನನ್ನ ಕೈ ಹಿಡಿದಳು, ಮೊಣಕೈ ಕಡೆ ನೋಡಿದಳು, ನಿಂತಳು.

"ಏನಕ್ಕಾ ಇದು, ಹುಳುಕಡ್ಡಿನಾ?"

"ಅಲ್ಲಮ್ಮಾ, ಸೋರಿಯಾಸಿಸ್. ಅಂಟಲ್ಲ."

ತಲೆ ಆಡಿಸಿದಳು. ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗೆ ಹಾಕಿದಳು. ಬಳೆ ಬಿಗಿಯಾದರೆ ಜಾರಲಿ ಅಂತ ಹಾಗೆ ಮಾಡೋದು ಗೊತ್ತು. ಆದರೆ ನನ್ನ ಬಳೆ ಸಡಿಲವೇ ಇತ್ತು! ಕವರ್ ಮೇಲಿಂದ ಹಿಡಿತ ಸಿಗದೆ ಒಂದು ಬಳೆ ಫಟ್ ಅಂತು. ಅಕ್ಕ ಅಪಶಕುನ ಅಂತ ಮುಖ ಸಣ್ಣಗೆ ಮಾಡಿದಳು. ನಾನು ರಕ್ತ ಒರೆಸಿಕೊಂಡು ಸುಮ್ನೆ ಕೂತೆ.

ಆಕೆಯನ್ನು ಬೈಯೋಕೆ ನನಗೇನು ಹಕ್ಕು? ಐದು ವರ್ಷದ ಹಿಂದೆ ನಾನೂ ಹುಳುಕಡ್ಡಿ ಅಂತಲೇ ಅಂದುಕೊಂಡಿದ್ದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ಹತ್ತೇ ದಿನದಲ್ಲಿ ಮಾಯ. ಬಿಟ್ಟ ಕೂಡಲೇ ಎರಡರಷ್ಟು ಬಂತು. ಮತ್ತೆ ಟ್ಯೂಬ್, ಮತ್ತೆ ಮಾಯ. ಹೀಗೆ ಎಂಟು ತಿಂಗಳು. ಅದರಲ್ಲಿ ಜೋರಾದ ಸ್ಟೀರಾಯ್ಡ್ ಇದೆ ಅಂತ ಚರ್ಮದ ಡಾಕ್ಟರ್ ಟ್ಯೂಬ್ ತಿರುಗಿಸಿ ತೋರಿಸಿದಾಗಲೇ ಗೊತ್ತಾಗಿದ್ದು. ಸ್ಟೀರಾಯ್ಡ್ ಕೆಟ್ಟದ್ದಲ್ಲ, ಅವರೂ ಅದನ್ನೇ ಬರೆದುಕೊಟ್ಟರು. ಆದರೆ ಎಷ್ಟು ದಿನ, ಎಲ್ಲಿಗೆ, ಹೇಗೆ ನಿಲ್ಲಿಸಬೇಕು ಅಂತ ಲೆಕ್ಕ ಇತ್ತು. ನನ್ನ ಹತ್ತಿರ ಇಲ್ಲದೇ ಇದ್ದದ್ದು ಅದೇ.

ಅವರು ಹೇಳಿದ್ದು ಇನ್ನೂ ನೆನಪಿದೆ. ಹೊಸ ಚರ್ಮ ಕೆಳಗಿಂದ ಮೇಲೆ ಬಂದು ಉದುರೋಕೆ ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಸೋರಿಯಾಸಿಸ್ ಇದ್ದ ಕಡೆ ಮೂರ್ನಾಲ್ಕು ದಿನಕ್ಕೇ ಬಂದುಬಿಡುತ್ತದೆ. ಉದುರೋಕೆ ಪುರುಸೊತ್ತಿಲ್ಲದೆ ಪದರ ಪದರವಾಗಿ ಕೂರುತ್ತದೆ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದು ಹೀಗೆ ಅವಸರ ಮಾಡಿಸುತ್ತದಂತೆ. ಕೊಳೆಯಲ್ಲ, ಹುಳುವಲ್ಲ, ನಾಗದೋಷವೂ ಅಲ್ಲ. ಅತ್ತೆಗೋಸ್ಕರ ಕುಕ್ಕೆಗೂ ಹೋಗಿ ಬಂದೆ. ದರ್ಶನ ಚೆನ್ನಾಗಾಯ್ತು, ಊಟವೂ. ಪಟ್ಟೆ ಮಾತ್ರ ಜೊತೆಗೇ ಬಸ್ ಹತ್ತಿ ವಾಪಸ್ ಬಂತು.

ಪೂರ್ತಿ ಹೋಗಲ್ಲ, ಹಿಡಿತದಲ್ಲಿ ಇಡಬಹುದು ಅಂದಿದ್ದರು. ಈ ಹಿಡಿತ ಅನ್ನೋದು ಬಹಳ ಬೋರಿನ ಕೆಲಸ. ಚಳಿಗಾಲದಲ್ಲಿ ಜಾಸ್ತಿ ಅಂತ ಗೊತ್ತಿದ್ದೂ ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರಿಗೆ ಬರೋಕೆ ನನಗೆ ಎರಡು ವರ್ಷ ಬೇಕಾಯ್ತು. ಮೈ ಹಸಿ ಇರುವಾಗಲೇ ವ್ಯಾಸಲೀನ್. ಹೊಟ್ಟನ್ನು ಕಿತ್ತರೆ ಸೂಜಿಮೊನೆಯಷ್ಟು ರಕ್ತ ಬರುತ್ತದೆ, ಆದರೂ ಟಿವಿ ನೋಡ್ತಾ ಕೈ ಅಲ್ಲಿಗೇ ಹೋಗುತ್ತದೆ. ಡಾಕ್ಟರ್ ಪ್ರತಿ ಸಲ ಉಗುರು ನೋಡುತ್ತಾರೆ, ಬೆಳಿಗ್ಗೆ ಬೆರಳು ಮಡಚೋಕೆ ಬಿಗಿ ಅನ್ನಿಸುತ್ತಾ ಅಂತ ಕೇಳುತ್ತಾರೆ. ಕೆಲವರಿಗೆ ಇದು ಕೀಲಿಗೂ ಇಳಿಯುತ್ತದಂತೆ. ಸದ್ಯ ನನಗಿಲ್ಲ.

ಭಾನುವಾರ ಅಂದರೆ ಮೆಥೋಟ್ರೆಕ್ಸೇಟ್ ದಿನ, ಸೋರಿಯಾಸಿಸ್ ಹಿಡಿತದಲ್ಲಿಡೋಕೆ ಕೊಟ್ಟಿರುವ ಔಷಧಿ. ಮೂರು ಪುಟ್ಟ ಹಳದಿ ಮಾತ್ರೆ, ವಾರಕ್ಕೆ ಒಂದೇ ಸಲ. ಮರೆತು ದಿನಾ ನುಂಗಿದರೆ ರಕ್ತಕಣ ಇಳಿದು ಜೀವಕ್ಕೇ ಕುತ್ತು. ಅದಕ್ಕೇ ಚೀಟಿ ಮೇಲೆ ಡಾಕ್ಟರ್ 'ಭಾನುವಾರ' ಅಂತ ಕೆಂಪು ಪೆನ್ನಲ್ಲಿ ಬರೆದು ಎರಡು ಗೆರೆ ಎಳೆದಿದ್ದಾರೆ. ಆಗಾಗ ರಕ್ತ ಕೊಟ್ಟು ಲಿವರ್ ಪರೀಕ್ಷೆಯೂ ಮಾಡಿಸಬೇಕು.

ಹೊಸ ಗೆರೆಯ ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡಿದೆ. ಸಂಜೆ ಉತ್ತರ ಬಂತು: "ಮೊಣಕೈಗೆ ಕೊಟ್ಟ ಮುಲಾಮೇ ರಾತ್ರಿ ತೆಳ್ಳಗೆ ಹಚ್ಚಿ. ಎರಡು ವಾರ ಬಿಟ್ಟು ತೋರಿಸಿ. ಕೆರೆಯಬೇಡಿ."

ಊಟ ಆಯ್ತು, ಮಾತ್ರೆ ನುಂಗಿದೆ. ಎಡಗೈ ಬಳೆ ಬಿಚ್ಚಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಒಟ್ಟು ಹನ್ನೊಂದು. ಬಲಗೈದು ಹಾಗೇ ಇರಲಿ, ಹಸಿರು ಚೆನ್ನಾಗಿ ಕಾಣುತ್ತೆ.