ಲಡಾಖಿನ ಮುಳ್ಳುಪೊದೆ, ಕಿತ್ತಳೆ ಬಣ್ಣದ ಹಣ್ಣು

ಲಡಾಖ್‌ನ ನುಬ್ರಾ ಕಣಿವೇಲಿ ನದಿ ದಂಡೆ ಉದ್ದಕ್ಕೂ ಸೀಬಕ್‌ಥಾರ್ನ್ ಅನ್ನೋ ಮುಳ್ಳುಪೊದೆ ಬೆಳೆಯತ್ತೆ, ಸೆಪ್ಟೆಂಬರ್ ಹೊತ್ತಿಗೆ ಕೊಂಬೆ ತುಂಬಾ ಬಟಾಣಿ ಗಾತ್ರದ ಕಿತ್ತಳೆ ಬಣ್ಣದ ಹಣ್ಣು ಮೆತ್ಕೊಂಡಿರತ್ತೆ, ಬಾಯಿಗೆ ಹಾಕಿದ್ರೆ ಹಲ್ಲು ಚುಳ್ ಅನ್ನೋಷ್ಟು ಹುಳಿ. 3000 ಮೀಟರ್ ಎತ್ತರದಲ್ಲಿ ಯುವಿ ಕಿರಣ ಜೋರು, ಅದ್ರಿಂದ ತಮ್ಮನ್ನ ಕಾಪಾಡ್ಕೊಳ್ಳೋಕೆ ಗಿಡಗಳು ಫ್ಲೇವನಾಯ್ಡ್ ಅನ್ನೋ ರಾಸಾಯನಿಕಗಳನ್ನ ತಯಾರಿಸ್ಕೊಳ್ತವೆ, ಈ ಪೊದೆಯಲ್ಲಿ ಕ್ವೆರ್ಸೆಟಿನ್, ಐಸೊರಾಮ್ನೆಟಿನ್ ಅನ್ನೋ ಫ್ಲೇವನಾಯ್ಡ್‌ಗಳಿವೆ, ಹಣ್ಣಿನ ಬಣ್ಣ ಬರೋದು ಕ್ಯಾರೊಟಿನಾಯ್ಡ್ ಅನ್ನೋ ವರ್ಣದ್ರವ್ಯದಿಂದ, ವಿಟಮಿನ್ ಸಿ ಅಂತೂ ಕಿತ್ತಳೆ ಹಣ್ಣಿಗಿಂತ ಎಷ್ಟೋ ಪಟ್ಟು ಜಾಸ್ತಿ (ಕುದಿಸಿದ್ರೆ ಅದು ಕಮ್ಮಿ ಆಗತ್ತೆ). ಲೇಹ್‌ನಲ್ಲಿರೋ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಲ್ಯಾಬ್‌ನೋರು ಇದರ ಜ್ಯೂಸ್ ಮಾಡೋ ವಿಧಾನ ಕಂಡುಹಿಡಿದ್ರು.

ಆದ್ರೆ ಈ ಫ್ಲೇವನಾಯ್ಡ್, ವಿಟಮಿನ್ ಸಿ ಥರದ ಆಂಟಿಆಕ್ಸಿಡೆಂಟ್ (ಜೀವಕೋಶಕ್ಕೆ ಆಗೋ ಹಾನಿ ತಡೆಯೋ ಅಂಶ) ಟೆಸ್ಟ್‌ಟ್ಯೂಬಲ್ಲಿ ಕೆಲಸ ಮಾಡ್ತು ಅಂದ ತಕ್ಷಣ ಕ್ಯಾನ್ಸರ್ ವಾಸಿ ಅಂತ ಮಾರೋದು ತಪ್ಪು ಕಣ್ರೀ. ಹಣ್ಣಿಗೋಸ್ಕರ ಕೊಂಬೆನೇ ಕಡಿಯೋದಂತೂ ಇನ್ನೂ ತಪ್ಪು, ನದಿ ದಂಡೆಯ ಮರಳುಮಣ್ಣನ್ನ ಹಿಡಿದಿಟ್ಟು ಅದಕ್ಕೆ ಸಾರಜನಕ ಸೇರಿಸ್ತಿರೋದು ಈ ಪೊದೆಯ ಬೇರುಗಳೇ.